ನೊಣದ ಒಂದು ನರಕೋಶ ಸೆಕೆಂಡಿಗೆ ಎಷ್ಟು ಬಿಟ್ ಸುದ್ದಿ ಕಳಿಸುತ್ತದೆ? ನೀವೇ ಲೆಕ್ಕ ಹಾಕಿ

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. (ಬಿಟ್ ಅಂದರೆ ಸುದ್ದಿಯ ಅಳತೆ, ಸಮಸಾಧ್ಯತೆಯ ಒಂದು ಹೌದು-ಅಲ್ಲ ಪ್ರಶ್ನೆಯ ಉತ್ತರದಷ್ಟು.) ಯಾರಾದರೂ ರೆಕಾರ್ಡ್ ಮಾಡಿಟ್ಟ ಸ್ಪೈಕ್ (ನರಕೋಶ ಹೊಡೆಯುವ ಚಿಕ್ಕ ವಿದ್ಯುತ್ ಮಿಡಿತ) ಡೇಟಾ ಸಿಕ್ಕಿದರೆ, ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಸಾಕು. ಒಂದೇ ಷರತ್ತು: ಅದೇ ದೃಶ್ಯವನ್ನು ಅದೇ ನರಕೋಶಕ್ಕೆ ನೂರಾರು ಸಲ ತೋರಿಸಿ ತೆಗೆದ ಡೇಟಾ ಆಗಿರಬೇಕು.

ಈ ದಾರಿ ತೋರಿಸಿದವರು ಭೌತವಿಜ್ಞಾನಿ ವಿಲಿಯಂ ಬಿಯಾಲೆಕ್ ಮತ್ತು ಅವರ ಜೊತೆಗಾರರು. 1998ರಲ್ಲಿ ಸ್ಟ್ರಾಂಗ್, ಕೊಬರ್ಲೆ, ಡಿ ರಾಯ್ಟರ್ ವಾನ್ ಸ್ಟೆವನಿಂಕ್ ಜೊತೆ ಸೇರಿ ಪ್ರಕಟಿಸಿದರು. ಅವರು ಹಿಡಿದದ್ದು ನೊಣದ ಎಚ್1 ಅನ್ನೋ ನರಕೋಶ. ಕಣ್ಣೆದುರಿನ ದೃಶ್ಯ ಅಡ್ಡಡ್ಡ ಸರಿದರೆ ಅದು ಸ್ಪೈಕ್ ಹೊಡೆಯುತ್ತದೆ. ನನಗೆ ಈ ವಿಧಾನ ಇಷ್ಟವಾಗಿದ್ದು ಒಂದು ಕಾರಣಕ್ಕೆ: ನರಕೋಶ ಯಾವ ಭಾಷೆಯಲ್ಲಿ ಮಾತಾಡುತ್ತಿದೆ, ಯಾವ ಸ್ಪೈಕಿಗೆ ಏನು ಅರ್ಥ ಅಂತ ಒಂದಿಷ್ಟೂ ಊಹಿಸದೆ, ಸುಮ್ನೆ ಎಣಿಸಿಕೊಂಡು ಹೋದರೆ ಉತ್ತರ ಬರುತ್ತದೆ.

ಮೊದಲು ಕತ್ತರಿಸಿ. ಸಮಯವನ್ನು 3 ಮಿಲಿಸೆಕೆಂಡಿನ ತುಂಡು ಮಾಡಿ. ತುಂಡಿನಲ್ಲಿ ಸ್ಪೈಕ್ ಇದ್ದರೆ 1, ಇಲ್ಲದಿದ್ದರೆ 0. ಹತ್ತು ತುಂಡು ಸೇರಿಸಿದರೆ 30 ಮಿಲಿಸೆಕೆಂಡಿನ ಒಂದು ಪದ. 0001000010, ಹೀಗೆ. ಒಟ್ಟು 1024 ಪದ ಸಾಧ್ಯ, ಆದರೆ ನಿಜಕ್ಕೂ ಕಾಣಿಸೋದು ಅದರಲ್ಲಿ ಕೆಲವೇ.

ಆಮೇಲೆ ಎಣಿಸಿ. ಇಡೀ ಡೇಟಾದಲ್ಲಿ ಯಾವ ಪದ ಎಷ್ಟು ಸಲ ಬಂತು ಅಂತ ಪಟ್ಟಿ ಮಾಡಿ. ಬೆಳಿಗ್ಗೆ ಆರಕ್ಕೆ ಹಾಲಿನವರು ಬೆಲ್ ಒತ್ತಿದರೆ ಅದರಲ್ಲಿ ಸುದ್ದಿ ಏನೂ ಇಲ್ಲ, ರಾತ್ರಿ ಎರಡಕ್ಕೆ ಅದೇ ಬೆಲ್ ಆದರೆ ಎದೆ ಹೊಡೆದುಕೊಳ್ಳುತ್ತದೆ, ಅಲ್ವಾ? ಅಪರೂಪಕ್ಕೆ ಬೆಲೆ ಜಾಸ್ತಿ. ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರ ಇದನ್ನೇ ಅಳೆಯುತ್ತದೆ. ಪ್ರತಿ ಪದದ ಸಾಧ್ಯತೆಯನ್ನು ಅದರ ಲಾಗ್‌ನಿಂದ (ಬೇಸ್ 2) ಗುಣಿಸಿ, ಎಲ್ಲ ಕೂಡಿಸಿ, ಮೈನಸ್ ಚಿಹ್ನೆ ಹಾಕಿ. ಇದು ಒಟ್ಟು ಎಂಟ್ರೊಪಿ.

ಆದರೆ ಇದೆಲ್ಲ ಸುದ್ದಿ ಅಲ್ಲ, ಗದ್ದಲವೂ ಸೇರಿದೆ. ಅದನ್ನು ಕಳೆಯೋಕೇ ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿರೋದು. ದೃಶ್ಯದ ಒಂದು ಕ್ಷಣ ಹಿಡಿಯಿರಿ, ಎಲ್ಲ ಸಲದಲ್ಲೂ ಅದೇ ಕ್ಷಣದಲ್ಲಿ ಯಾವ ಪದ ಬಂತು ನೋಡಿ. ದೃಶ್ಯ ಒಂದೇ, ಪದ ಬದಲಾಗಿದೆ ಅಂದರೆ ಅದು ಗದ್ದಲ. ಪ್ರತಿ ಕ್ಷಣಕ್ಕೂ ಅದೇ ಸೂತ್ರ ಹಾಕಿ, ಸರಾಸರಿ ತೆಗೆದು, ಒಟ್ಟು ಎಂಟ್ರೊಪಿಯಿಂದ ಕಳೆಯಿರಿ. ಉಳಿದದ್ದೇ ಸುದ್ದಿ.

ಕಾಗದದ ಮೇಲೆ ಚಿಕ್ಕದೊಂದು ಮಾಡೋಣ. ಎರಡೇ ಅಕ್ಷರದ ಪದ, ಎರಡೇ ಕ್ಷಣ. ಮೊದಲ ಕ್ಷಣದಲ್ಲಿ ಯಾವಾಗಲೂ 00. ಎರಡನೇ ಕ್ಷಣದಲ್ಲಿ ಅರ್ಧ ಸಲ 01, ಅರ್ಧ ಸಲ 10. ಎಲ್ಲ ಸೇರಿಸಿ ನೋಡಿದರೆ 00 ಅರ್ಧ ಪಾಲು, 01 ಮತ್ತು 10 ಕಾಲು ಕಾಲು ಪಾಲು, ಹಾಗಾಗಿ ಒಟ್ಟು ಎಂಟ್ರೊಪಿ 1.5 ಬಿಟ್. ಗದ್ದಲ ಮೊದಲ ಕ್ಷಣದಲ್ಲಿ 0, ಎರಡನೆಯದರಲ್ಲಿ 1, ಸರಾಸರಿ 0.5. ಕಳೆದರೆ ಉಳಿಯೋದು 1 ಬಿಟ್. ಸರಿಯಾಗಿಯೇ ಇದೆ, ಯಾಕಂದರೆ ಪದ ನೋಡಿ ನೀವು ಹೇಳಬಹುದಾದದ್ದು ಇದು ಮೊದಲ ಕ್ಷಣವೋ ಎರಡನೆಯದೋ ಅಂತ ಮಾತ್ರ.

ಈಗ ಎಲ್ಲರೂ ಬೀಳುವ ಗುಂಡಿ. ನಾನೂ ಬಿದ್ದಿದ್ದೆ. ಮೊದಲ ಸಲ ಬರೀ 20 ಸಲ ತೋರಿಸಿದ ಡೇಟಾ ಇಟ್ಟುಕೊಂಡು ಲೆಕ್ಕ ಹಾಕಿದೆ, ಭರ್ಜರಿ ಸಂಖ್ಯೆ ಬಂತು, ಖುಷಿಯಾಗಿ ಗೆಳೆಯನಿಗೆ ಫೋನೂ ಮಾಡಿಬಿಟ್ಟೆ. 20 ಸಲದಲ್ಲಿ 20ಕ್ಕಿಂತ ಹೆಚ್ಚು ಬೇರೆ ಬೇರೆ ಪದ ಬರೋಕೇ ಸಾಧ್ಯವಿಲ್ಲ, ಅಂದರೆ ಗದ್ದಲ 4.32 ಬಿಟ್ ದಾಟುವ ಹಾಗೇ ಇಲ್ಲ. ಡೇಟಾ ಕಡಿಮೆ ಇದ್ದಾಗ ಗದ್ದಲ ಕಡಿಮೆ ಕಾಣುತ್ತದೆ, ಸುದ್ದಿ ಉಬ್ಬುತ್ತದೆ. ಅದಕ್ಕೇ ಪೂರ್ತಿ ಡೇಟಾ, ಅರ್ಧ, ಮೂರನೇ ಒಂದು, ಕಾಲು, ಹೀಗೆ ಬೇರೆ ಬೇರೆ ಪಾಲಿನಲ್ಲಿ ಲೆಕ್ಕ ಹಾಕಿ, ಗೆರೆ ಎಳೆದು, ಡೇಟಾ ಅನಂತವಾಗಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು ಅಂತ ನೋಡಬೇಕು.

ಇನ್ನೊಂದು ಪರೀಕ್ಷೆ ಬಿಡಲೇಬೇಡಿ. ಪ್ರತಿ ಸಲದ ಸ್ಪೈಕ್ ಸಾಲನ್ನೂ ಬೇರೆ ಬೇರೆಯಾಗಿ ತೋಚಿದಷ್ಟು ಮುಂದಕ್ಕೆ ಹಿಂದಕ್ಕೆ ಸರಿಸಿ, ಮತ್ತೆ ಲೆಕ್ಕ ಹಾಕಿ. ಈಗ ದೃಶ್ಯಕ್ಕೂ ಸ್ಪೈಕಿಗೂ ಸಂಬಂಧ ಹೋಯಿತು, ಸುದ್ದಿ ಸೊನ್ನೆಯ ಹತ್ತಿರ ಬರಬೇಕು. ಆ 20 ಸಲದ ಡೇಟಾದಲ್ಲಿ ನನಗೆ ಬಂದದ್ದು ಹೆಚ್ಚುಕಡಿಮೆ ಹಿಂದಿನ ಸಂಖ್ಯೆಯೇ, ಅಂದರೆ ಆ ಭರ್ಜರಿ ಸಂಖ್ಯೆ ಬಹುಪಾಲು ಡೇಟಾ ಕೊರತೆಯಿಂದ ಬಂದದ್ದು. ಗೆಳೆಯನಿಗೆ ಮತ್ತೆ ಫೋನ್ ಮಾಡಬೇಕಾಯಿತು.

ಕೊನೆಗೆ ಬಿಟ್‌ಗಳನ್ನು ಪದದ ಉದ್ದದಿಂದ (ಇಲ್ಲಿ 0.03 ಸೆಕೆಂಡ್) ಭಾಗಿಸಿ, ಸೆಕೆಂಡಿಗೆ ಎಷ್ಟು ಅಂತ ಬರುತ್ತದೆ. ಪದ ಉದ್ದವಾದಷ್ಟೂ ಇದು ಸ್ವಲ್ಪ ಬದಲಾಗುವುದರಿಂದ ಇಲ್ಲೂ ಅದೇ ಗೆರೆ ಎಳೆಯುವ ಕೆಲಸ ಇದೆ. ಎಚ್1ಗೆ 3 ಮಿಲಿಸೆಕೆಂಡ್ ತುಂಡಿನಲ್ಲಿ ಬಿಯಾಲೆಕ್ ತಂಡಕ್ಕೆ ಸಿಕ್ಕಿದ್ದು: ಒಟ್ಟು ಎಂಟ್ರೊಪಿ ಸೆಕೆಂಡಿಗೆ ಸುಮಾರು 157 ಬಿಟ್, ಅದರಲ್ಲಿ ಸುದ್ದಿ ಸುಮಾರು 78. ಹೆಚ್ಚುಕಡಿಮೆ ಅರ್ಧ! ಇಷ್ಟು ಪುಟ್ಟ ಜೀವಿಯ ಒಂದೇ ಕೋಶಕ್ಕೆ ಇದು ಸಣ್ಣ ಮಾತಲ್ಲ.

ನಿಮ್ಮ ಲೆಕ್ಕ ಕೂಡಿಬಂದರೆ ತುಂಡನ್ನು ದೊಡ್ಡದು ಮಾಡಿ ನೋಡಿ, 3ರ ಬದಲು 12 ಮಿಲಿಸೆಕೆಂಡ್ ಇಡಿ. ಒಂದೇ ತುಂಡಿನಲ್ಲಿ ಎರಡು ಮೂರು ಸ್ಪೈಕ್ ಬಿದ್ದರೆ 2, 3 ಅಂತಲೇ ಬರೆಯಿರಿ. ಸೆಕೆಂಡಿನ ಬಿಟ್ ಎಷ್ಟು ಇಳಿಯಿತೋ, ಅಷ್ಟು ಸುದ್ದಿ ಸ್ಪೈಕ್ ಎಷ್ಟು ಅನ್ನೋದರಲ್ಲಿ ಅಲ್ಲ, ಯಾವಾಗ ಅನ್ನೋದರಲ್ಲಿ ಇತ್ತು.