ಸುಳಿವು ಕಣ್ಣೆದುರೇ ಇರಲಿ, ಕಣ್ಣಿಗೆ ಬೀಳದಿರಲಿ
ಓದುಗರೂ ಬಿಡಿಸಬಹುದಾದ ಪತ್ತೇದಾರಿ ಕಥೆ ಬರೆಯುವುದು ಹೇಗೆ?

‘ಪತ್ತೇದಾರಿ ಕಥೆ ಬರೆದಿದ್ದೇನೆ, ನೋಡಿ ಹೇಳಿ’ ಎಂದು ಕೈಗೆ ಬರುವ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಅಲ್ಲಿಯವರೆಗೆ ಓದುಗರ ಕಿವಿಗೇ ಬೀಳದ ಒಂದು ಉಯಿಲನ್ನೋ ಹಳೆಯ ಫೋಟೊವನ್ನೋ ಜೇಬಿನಿಂದ ಹೊರತೆಗೆಯುತ್ತಾನೆ. ಇದು ಶುದ್ಧ ಮೋಸ. ಪತ್ತೇದಾರನಿಗೆ ಸಿಕ್ಕಿದ್ದೆಲ್ಲ ಓದುಗರಿಗೂ ಸಿಕ್ಕಿರಬೇಕು, ಅದೂ ಅವನು ಬಾಯಿ ಬಿಡುವ ಮೊದಲೇ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಲೇಖಕರು ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದಿಟ್ಟರು. ಮರುವರ್ಷ ಲಂಡನ್ನಿನಲ್ಲಿ ಹುಟ್ಟಿದ ಪತ್ತೇದಾರಿ ಲೇಖಕರ ಕೂಟ ಡಿಟೆಕ್ಷನ್ ಕ್ಲಬ್, ಮುಖ್ಯವಾದ ಸುಳಿವನ್ನು ಓದುಗರಿಂದ ಬಚ್ಚಿಡುವುದಿಲ್ಲ ಎಂದು ಸದಸ್ಯರಿಂದ ಪ್ರಮಾಣವನ್ನೇ ಮಾಡಿಸುತ್ತಿತ್ತು.

1. ಮೊದಲು ಕೊಲೆ, ಆಮೇಲೆ ಕಥೆ

ನಿಜವಾಗಿ ನಡೆದದ್ದೇನು ಎಂಬುದನ್ನು ಗಂಟೆಗಂಟೆಯ ಲೆಕ್ಕದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾರು ಎಲ್ಲಿದ್ದರು, ಯಾರಿಗೆ ಏನು ಗೊತ್ತಿತ್ತು, ಯಾರು ಏನು ಸುಳ್ಳು ಹೇಳಿದರು ಎಲ್ಲವೂ ಅಲ್ಲಿರಲಿ. ‘ಬರೆಯುತ್ತಾ ಹೋದಂತೆ ಕೊಲೆಗಾರ ಯಾರೆಂದು ತಾನಾಗಿಯೇ ಹೊಳೆಯುತ್ತದೆ’ ಎನ್ನುವವರ ಮಾತು ಬೇರೆ ಬಗೆಯ ಕಥೆಗಳಿಗೆ ಸರಿ ಹೋದೀತು, ಇಲ್ಲಿ ನಡೆಯದು. ಗುಂಡಿ ಒತ್ತಿದರೆ ಕಥಾವಸ್ತು ಹೆಣೆದುಕೊಡುವ ಆ್ಯಪ್‌ಗಳನ್ನಂತೂ ನಂಬಬೇಡಿ. ಅವು ಕೊಡುವ ಕೊಲೆಗಾರನನ್ನು ತೆಗೆದು ಬೇರೊಬ್ಬನನ್ನು ಕೂರಿಸಿದರೂ ಕಥೆಯಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಅದೇ ಅವುಗಳ ದೋಷ.

2. ಶಂಕಿತರು

ಐದಾರು ಮಂದಿ ಸಾಕು. ಎಲ್ಲರಿಗೂ ಕೊಲ್ಲಲು ಒಂದು ಕಾರಣವಿರಲಿ, ಕೊಲೆಗಾರನ ಪಾತ್ರ ಕಥೆಯೊಳಗೆ ಬೇಗನೆ ಬರಲಿ.

3. ಕೊಲೆಯ ವಿಧಾನ

ಸರಳವಾಗಿರಲಿ. ಯಾರಿಗೂ ಪತ್ತೆಯಾಗದ ಅಪರೂಪದ ವಿಷದ ಆಸೆ ಬಿಡಿ. ಆರ್ಸೆನಿಕ್ ಎಂಬ ವಿಷದ ಪತ್ತೆಗೆ ರಸಾಯನ ವಿಜ್ಞಾನಿ ಜೇಮ್ಸ್ ಮಾರ್ಷ್ 1836ರಲ್ಲೇ ಪರೀಕ್ಷೆ ಪ್ರಕಟಿಸಿದ್ದರು. ಜಾಣತನವನ್ನೆಲ್ಲ ವಿಧಾನಕ್ಕೆ ಖರ್ಚು ಮಾಡಿದವರ ಬಳಿ ಸುಳಿವಿಗೆ ಏನೂ ಉಳಿದಿರುವುದಿಲ್ಲ.

4. ಸುಳಿವು ಹೂಳುವುದು

ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಒಂದು ಉದಾಹರಣೆ ಕಟ್ಟೋಣ.

ನಿವೃತ್ತ ನ್ಯಾಯಾಧೀಶರೊಬ್ಬರು ಬೆಳಿಗ್ಗೆ ಏಳಕ್ಕೆ ತಮ್ಮ ಕೋಣೆಯಲ್ಲಿ ಸತ್ತು ಬಿದ್ದಿದ್ದಾರೆ. ರಾತ್ರಿ ಹನ್ನೊಂದರವರೆಗೆ ಮನೆಯವರೆಲ್ಲ ಅವರೊಂದಿಗೆ ಮಾತನಾಡುತ್ತಿದ್ದರು. ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದೆ. ಐದಕ್ಕೆ ಎದ್ದೊಡನೆ ಹಿಂದಿನ ದಿನದ ಹಾಳೆ ಹರಿಯುವುದು ಅವರ ರೂಢಿ. ಶವ ಸಿಕ್ಕಾಗ ಕ್ಯಾಲೆಂಡರ್ ಅಂದಿನ ತಾರೀಖನ್ನೇ ತೋರಿಸುತ್ತಿದೆ. ಹಾಗಾದರೆ ಐದಕ್ಕೆ ಬದುಕಿದ್ದರು ಎಂದು ಇನ್‌ಸ್ಪೆಕ್ಟರ್ ತೀರ್ಮಾನಿಸುತ್ತಾರೆ. ನಾಲ್ಕರ ರೈಲು ಹತ್ತಿ ಹೋದ ಅಣ್ಣನ ಮಗ ಶಂಕೆಯಿಂದ ಪಾರಾಗುತ್ತಾನೆ.

ಆದರೆ ಆ ಜಿಪುಣ ಮುದುಕ ಹರಿದ ಹಾಳೆಯನ್ನು ಎಂದೂ ಎಸೆದವರಲ್ಲ. ಅದರ ಬೆನ್ನಿನ ಮೇಲೆ ಲೆಕ್ಕ ಬರೆಯಲೆಂದು ಮೇಜಿನ ಮೇಲೆ ಜೋಡಿಸಿಡುತ್ತಿದ್ದರು. ಅಂದು ಮಾತ್ರ ಹಾಳೆ ಮುದ್ದೆಯಾಗಿ ಕಸದ ಬುಟ್ಟಿಯಲ್ಲಿದೆ. ಅಂದರೆ ಹರಿದದ್ದು ಬೇರೆಯವರ ಕೈ.

ಈಗ ಇದನ್ನು ಮೂರು ತುಂಡು ಮಾಡಿ, ಮೂರು ಬೇರೆ ಜಾಗಗಳಲ್ಲಿ, ಮೂರು ಬೇರೆ ವೇಷಗಳಲ್ಲಿ ಇಡಬೇಕು. ಜಿಪುಣತನದ ತುಂಡು ಮೊದಲ ಅಧ್ಯಾಯದಲ್ಲಿ ನಗೆಯ ಮಾತಾಗಿ ಬರಲಿ. ‘ನನ್ನ ರಜೆಯ ಮಂಜೂರಾತಿಯನ್ನೂ ಕ್ಯಾಲೆಂಡರ್ ಹಾಳೆಯ ಹಿಂದೆಯೇ ಬರೆದುಕೊಟ್ಟರು, ಮಾರಾಯರೇ’ ಎಂದು ಕಾರ್ಯದರ್ಶಿ ಗೊಣಗಲಿ. ಓದುಗರು ನಕ್ಕು ಮುಂದೆ ಹೋಗುತ್ತಾರೆ. ಪಾತ್ರಚಿತ್ರಣ ಎಂದುಕೊಂಡದ್ದರಲ್ಲಿ ಸಾಕ್ಷ್ಯವನ್ನು ಯಾರೂ ಹುಡುಕುವುದಿಲ್ಲ.

ಬುಟ್ಟಿಯ ತುಂಡು ಒಂದು ಪಟ್ಟಿಯೊಳಗೆ ಹೋಗಲಿ: ‘ಬುಟ್ಟಿಯಲ್ಲಿ ಪೆನ್ಸಿಲ್ ಹೆರೆದ ಸಿಪ್ಪೆ, ಮುದ್ದೆಯಾದ ತಾರೀಖಿನ ಹಾಳೆ, ನಿದ್ದೆ ಮಾತ್ರೆಯ ಖಾಲಿ ಪಟ್ಟಿ ಇದ್ದವು.’ ಸುಳಿವು ನಡುವೆಯೇ ಇರಬೇಕು. ಪಟ್ಟಿಯ ಕೊನೆಯ ವಸ್ತು ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಅಲ್ಲಿ ಹುಸಿಯೊಂದನ್ನು ಕೂರಿಸಿ. ಮರುವಾಕ್ಯದಲ್ಲೇ ಯಾರಾದರೂ ‘ಮಾತ್ರೆಯೇ? ಅವರಿಗೆ ನಿದ್ದೆಯ ತೊಂದರೆಯೇ ಇರಲಿಲ್ಲವಲ್ಲ!’ ಎಂದುಬಿಟ್ಟರೆ ಹಾಳೆಯನ್ನು ಎಲ್ಲರೂ ಮರೆಯುತ್ತಾರೆ.

ಮೂರನೆಯ ತುಂಡನ್ನು ಹೊಸಬರು ಇಡುವುದೇ ಇಲ್ಲ. ಬೆಳಿಗ್ಗೆ ಹಾಳೆ ಹರಿಯುವ ರೂಢಿ ಗೊತ್ತಿದ್ದು, ಕೂಡಿಡುವ ರೂಢಿ ಮಾತ್ರ ಗೊತ್ತಿಲ್ಲದವನು ಯಾರು? ಹುಟ್ಟುಹಬ್ಬಕ್ಕೆ ಚಿಕ್ಕಪ್ಪನಿಗೆ ಚರ್ಮದ ರಟ್ಟಿನ ದುಬಾರಿ ನೋಟ್‌ಬುಕ್ ತಂದು, ‘ಬರೆಯಲು ಒಳ್ಳೆಯ ಕಾಗದ ಬೇಕಲ್ಲವೇ’ ಎಂದವನು. ಅದು ಪ್ರೀತಿಯ ಉಡುಗೊರೆಯಂತೆ ಕಾಣಲಿ. ಅಡುಗೆಯವಳೂ ಕಾರ್ಯದರ್ಶಿಯೂ ಆ ಹಾಳೆಯ ಕಟ್ಟನ್ನು ದಿನವೂ ನೋಡಿದವರು, ಅವರಿಂದ ಈ ತಪ್ಪು ಆಗದು.

ಇಲ್ಲಿಗೆ ಮುಗಿಯಿತೆಂದು ಪೆನ್ನು ಕೆಳಗಿಡಬೇಡಿ. ಚುರುಕು ಓದುಗರೊಬ್ಬರು ಕೇಳಿಯೇ ಕೇಳುತ್ತಾರೆ: ಎಲ್ಲ ಬಲ್ಲ ಕಾರ್ಯದರ್ಶಿಯೇ ಬೇಕೆಂದು ಹಾಳೆಯನ್ನು ಮುದ್ದೆ ಮಾಡಿ ಹಾಕಿರಬಾರದೇ? ಉತ್ತರ ಸಿದ್ಧವಿರಲಿ. ಸಾವನ್ನು ಬೆಳಗಿನ ಜಾವಕ್ಕೆ ತಳ್ಳುವುದರಿಂದ ಲಾಭವಿರುವುದು ಆ ಹೊತ್ತಿಗೆ ಬೇರೆಡೆ ಇದ್ದವನಿಗೆ ಮಾತ್ರ. ಕಾರ್ಯದರ್ಶಿ ಐದಕ್ಕೂ ಮನೆಯಲ್ಲೇ ಇದ್ದ, ಅವನು ಹಾಗೆ ಮಾಡಿದ್ದರೆ ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಂತೆ. ಈ ಬಗೆಯ ತೂತುಗಳನ್ನು ಒಂದೊಂದಾಗಿ ಮುಚ್ಚಿದ ಮೇಲೆಯೇ ‘ಇವನೇ, ಬೇರೆ ಯಾರೂ ಅಲ್ಲ’ ಎನ್ನುವ ಹಕ್ಕು ನಿಮಗೆ ಬರುತ್ತದೆ.

ಇನ್ನೊಂದು ತೂತು ವೈದ್ಯರದು. ಟಿ.ವಿ. ಧಾರಾವಾಹಿಗಳ ವೈದ್ಯರು ಶವವನ್ನು ನೋಡಿದೊಡನೆ ‘ಮೂರೂ ಇಪ್ಪತ್ತಕ್ಕೆ ಸತ್ತಿದ್ದಾರೆ’ ಎನ್ನುತ್ತಾರೆ. ಅಷ್ಟು ಕರಾರುವಾಕ್ಕಾಗಿ ಹೇಳಲು ಬಾರದು. ಶವ ತಣ್ಣಗಾಗುವ ವೇಗ ಕೋಣೆಯ ಶಾಖ, ಮೈಮೇಲಿನ ಬಟ್ಟೆ, ದೇಹದ ಗಾತ್ರ ಎಲ್ಲವನ್ನೂ ಅವಲಂಬಿಸಿದೆ. ನಿಮ್ಮ ವೈದ್ಯರು ‘ಎರಡರಿಂದ ಆರರ ನಡುವೆ’ ಎನ್ನಲಿ. ನಿಜಕ್ಕೂ ಹತ್ತಿರ, ಕಥೆಗೂ ಅನುಕೂಲ.

5. ಹುಸಿ ಸುಳಿವು

ನಿದ್ದೆ ಮಾತ್ರೆಯ ಪಟ್ಟಿಗೂ ಕೊನೆಯಲ್ಲಿ ವಿವರಣೆ ಬೇಕು. ಅಡುಗೆಯವಳು ತನ್ನ ಮಾತ್ರೆಯ ಖಾಲಿ ಪಟ್ಟಿಯನ್ನು ಗುಡಿಸುವಾಗ ಅಲ್ಲಿ ಎಸೆದಿದ್ದಳು ಎಂದಾದರೂ ಸಾಕು. ವಿವರಣೆಯಿಲ್ಲದೆ ಬಿಟ್ಟ ಹುಸಿ ಸುಳಿವು ಸೋಮಾರಿತನ. ಒಂದು ಕಥೆಗೆ ಎರಡು ಸಾಕು, ಮೂರಾದರೆ ಓದುಗರು ಲೆಕ್ಕ ಇಡುವುದನ್ನೇ ಬಿಡುತ್ತಾರೆ.

6. ನಿರೂಪಕ ಸುಳ್ಳು ಹೇಳಬಾರದು

ಪಾತ್ರಗಳು ಬೇಕಾದಷ್ಟು ಸುಳ್ಳು ಹೇಳಲಿ, ನಿರೂಪಣೆ ಹೇಳಬಾರದು. ‘ಅವರು ಐದಕ್ಕೆ ಎದ್ದು ಹಾಳೆ ಹರಿದರು’ ಎಂದು ನೀವೇ ಬರೆದರೆ ಆಟ ಕೆಟ್ಟಂತೆ. ‘ಐದಕ್ಕೆ ಎದ್ದಿರಬೇಕು ಎಂದರು ಇನ್‌ಸ್ಪೆಕ್ಟರ್’ ಎಂದು ಬರೆಯಿರಿ. ಕೊಲೆಗಾರನ ಮನಸ್ಸಿನೊಳಗೆ ಹೊಕ್ಕು, ಕೊಲೆಯೊಂದನ್ನು ಬಿಟ್ಟು ಉಳಿದೆಲ್ಲ ಯೋಚನೆಯನ್ನೂ ತೋರಿಸುವ ಚಾಳಿ ನನಗಂತೂ ಸೇರದು. ಅವನನ್ನು ಹೊರಗಿನಿಂದಲೇ ನೋಡಿ.

7. ತಡೆ

ಪರಿಹಾರ ಹೇಳುವ ಮುನ್ನ ಒಂದು ಪುಟ ನಿಲ್ಲಿ. ಎಲರಿ ಕ್ವೀನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇಬ್ಬರು ಸೋದರ ಸಂಬಂಧಿಗಳು 1929ರಿಂದಲೇ, ಬೇಕಾದ ಮಾಹಿತಿಯೆಲ್ಲ ಈಗ ನಿಮ್ಮ ಕೈಯಲ್ಲಿದೆ ಎಂದು ಓದುಗರಿಗೆ ನೇರವಾಗಿ ಸವಾಲು ಹಾಕುತ್ತಿದ್ದರು. ನೀವು ಸವಾಲನ್ನು ಅಚ್ಚು ಹಾಕದಿದ್ದರೂ ಸರಿ, ಆ ಜಾಗವನ್ನು ಹಸ್ತಪ್ರತಿಯಲ್ಲಿ ಗುರುತಿಸಿ. ಅದರ ನಂತರ ಒಂದೇ ಒಂದು ಹೊಸ ಸಂಗತಿಯೂ ಬರಕೂಡದು.

8. ಪರೀಕ್ಷೆ

ಹಸ್ತಪ್ರತಿಯನ್ನು ಆ ಗುರುತಿನವರೆಗೆ ಮಾತ್ರ ನಾಲ್ಕು ಜನರಿಗೆ ಕೊಡಿ. ಕೊಲೆಗಾರನ ಹೆಸರನ್ನೂ ಕಾರಣವನ್ನೂ ಬರೆದುಕೊಡಲು ಹೇಳಿ. ಹೆಸರು ಮಾತ್ರ ಸರಿಯಾಗಿದ್ದರೆ ಅದು ಊಹೆ, ಲೆಕ್ಕಕ್ಕಿಲ್ಲ. ಒಬ್ಬರಾದರೂ ಕಾರಣದ ಸಮೇತ ಹಿಡಿದರೆ ಒಗಟು ಸರಿಯಾಗಿದೆ. ನಾಲ್ವರೂ ಹಿಡಿದರೆ ಯಾವ ಪುಟದಲ್ಲಿ ಅನುಮಾನ ಬಂತು ಎಂದು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ. ಎಲ್ಲರೂ ಬುಟ್ಟಿಯ ಪುಟವನ್ನೇ ತೋರಿಸಿದರೆ ಆ ಪಟ್ಟಿಗೆ ಇನ್ನೆರಡು ವಸ್ತು ಸೇರಿಸಿ, ಮೊದಲ ಪ್ರತಿ ಓದದ ಬೇರೆ ನಾಲ್ವರನ್ನು ಹುಡುಕಿ.