ಎಡ್ಮಂಟೋಸಾರಸ್ ದವಡೆಯ ಕಲ್ಲು ಬಿಡಿಸುತ್ತಾ

ಕೆನಡಾದ ಆಲ್ಬರ್ಟಾದಲ್ಲಿ ಪಳೆಯುಳಿಕೆ ಬಿಡಿಸುವ ಲ್ಯಾಬ್ ಒಂದರಲ್ಲಿ ನಾನು ವಾಲಂಟಿಯರ್. ಈ ಚಳಿಗಾಲ ಪೂರ್ತಿ ನನ್ನ ಮೇಜಿನ ಮೇಲಿದ್ದದ್ದು ಎಡ್ಮಂಟೋಸಾರಸ್‌ನ ಕೆಳದವಡೆ. ಬಾತುಕೋಳಿಯಂಥ ಚಪ್ಪಟೆ ಮೂತಿಯ, ಸೊಪ್ಪು ಸದೆ ತಿಂದುಕೊಂಡಿದ್ದ ಡೈನೋಸಾರ್ ಅದು. ಉದ್ದ 12 ಮೀಟರ್ ತನಕ. ಕೆನಡಾದ ಪಳೆಯುಳಿಕೆ ತಜ್ಞ ಲಾರೆನ್ಸ್ ಲ್ಯಾಂಬ್ 1917ರಲ್ಲಿ ಇದಕ್ಕೆ ಹೆಸರಿಟ್ಟದ್ದು ಇಲ್ಲೇ ಸಿಕ್ಕ ಮೂಳೆಗಳನ್ನು ನೋಡಿ.

ಗುಡ್ಡದಿಂದ ಬರುವಾಗ ಮೂಳೆಗೆ ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿಬಟ್ಟೆ ಸುತ್ತಿರುತ್ತಾರೆ. ನಾನು ಮೇಲಿನ ಭಾಗ ಮಾತ್ರ ಕತ್ತರಿಸಿ ತೆಗೆಯುತ್ತೇನೆ. ಕೆಳಗಿನದು ಆಸರೆಗೆ ಬೇಕು. ಆಮೇಲೆ ಕಲ್ಲಿಗೆ ಕೈ ಹಾಕುವ ಮೊದಲು ಅಂಟು. ಪ್ಯಾರಲಾಯ್ಡ್ ಬಿ-72 ಅನ್ನುವ ಪ್ಲಾಸ್ಟಿಕ್ ಅಂಟಿನ ಮಣಿಗಳನ್ನು ಅಸಿಟೋನ್ ಅನ್ನುವ ದ್ರವದಲ್ಲಿ ತೆಳ್ಳಗೆ ಕರಗಿಸಿ, ಬಿರುಕು ಕಂಡಲ್ಲೆಲ್ಲ ತೊಟ್ಟು ತೊಟ್ಟಾಗಿ ಬಿಡಬೇಕು. ಎಷ್ಟೋ ವರ್ಷದ ಮೇಲೆ ಯಾರಿಗಾದರೂ ಬಿಚ್ಚಬೇಕು ಅನ್ನಿಸಿದರೆ ಮತ್ತೆ ಅಸಿಟೋನ್ ಹಾಕಿದರೆ ಸಾಕು, ಕರಗುತ್ತದೆ. ಅದಕ್ಕೇ ನನಗೆ ಇದು ಇಷ್ಟ.

ಕಲ್ಲು ತೆಗೆಯೋದು ಏರ್ ಸ್ಕ್ರೈಬ್‌ನಿಂದ. ಗಾಳಿಯ ಒತ್ತಡದಲ್ಲಿ ಅದುರುವ ಮೊನೆ ಇರೋ, ಪೆನ್ನಿನಷ್ಟು ದೊಡ್ಡ ಉಪಕರಣ. ಮಾಸ್ಕ್ ಹಾಕದೆ ಇದನ್ನು ಮುಟ್ಟಲೇಬಾರದು, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬೂದು ಕಲ್ಲಿನ ನಡುವೆ ಕಂದು ಬಣ್ಣ ಇಣುಕಿದ ಕೂಡಲೇ ಸ್ಕ್ರೈಬ್ ಪಕ್ಕಕ್ಕಿಟ್ಟು ಮೈಕ್ರೋಸ್ಕೋಪ್ ಕೆಳಗೆ ಸೂಜಿ ಹಿಡಿಯುತ್ತೇನೆ.

ದವಡೆಯ ಒಳಬದಿ ತೆರೆದುಕೊಂಡಾಗ ಎಂಥವರಿಗೂ ಖುಷಿ ಆಗುತ್ತದೆ. ಮೂತಿಯ ತುದಿಯಲ್ಲಿ ಒಂದೂ ಹಲ್ಲಿಲ್ಲ, ಅಲ್ಲಿ ಬರೀ ಕೊಕ್ಕು. ಹಿಂದೆ ಮಾತ್ರ ಮುಸುಕಿನ ಜೋಳದ ತೆನೆಯಂತೆ ಒತ್ತೊತ್ತಾಗಿ ಹಲ್ಲು. ಒಂದೊಂದೂ ವಜ್ರದಾಕಾರ, ನಡುವೆ ಒಂದು ಸಣ್ಣ ಏಣು. ದೊಡ್ಡ ಪ್ರಾಣಿಯ ಒಂದು ದವಡೆಯಲ್ಲಿ ಇಂಥ 40ಕ್ಕೂ ಹೆಚ್ಚು ಸಾಲು ಇರುತ್ತವೆ. ಪ್ರತಿ ಸಾಲಿನಲ್ಲೂ ಒಂದರ ಕೆಳಗೊಂದು ಹಲ್ಲು. ಮೇಲಿನದು ಸವೆದಂತೆ ಕೆಳಗಿನದು ಏರಿ ಬರುತ್ತದೆ. ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಜಾಸ್ತಿ ಇರೋದು ಒಳಬದಿಯಲ್ಲೇ, ಹಾಗಾಗಿ ಹಲ್ಲು ಒಂದೇ ಸಮ ಸವೆಯದೆ ಅಂಚು ಹರಿತವಾಗಿ ಉಳಿಯುತ್ತದೆ. 2012ರಲ್ಲಿ ಸಂಶೋಧಕರು ಇಂಥ ಹಲ್ಲುಗಳನ್ನು ಕೊಯ್ದು ನೋಡಿದಾಗ ಆರು ಬಗೆಯ ಅಂಗಾಂಶ ಕಂಡಿತು. ಕುದುರೆಯ ಹಲ್ಲಿನಲ್ಲೂ ನಾಲ್ಕೇ ಇರೋದು! ನೀರಲ್ಲಿ ತೇಲುತ್ತಾ ಮೆತ್ತನೆಯ ಜೊಂಡು ತಿನ್ನುತ್ತಿತ್ತು ಅನ್ನುವ ಹಳೆಯ ಮಾತು ಇಂಥ ಹಲ್ಲು ನೋಡಿದ ಮೇಲೆ ನಂಬೋದು ಕಷ್ಟ ಅಲ್ವಾ? ಇದು ನೆಲದ ಮೇಲೆ ಮೇಯುತ್ತಿದ್ದ ಪ್ರಾಣಿ ಅಂತ ಅಮೆರಿಕದ ಪಳೆಯುಳಿಕೆ ತಜ್ಞ ಜಾನ್ ಆಸ್ಟ್ರಂ 1964ರಲ್ಲೇ ವಾದಿಸಿದ್ದರು.

ಅಗಿದು ಸವೆದ ಮೇಲ್ಮೈಗೆ ಮಾತ್ರ ನಾನು ಲೋಹ ತಾಗಿಸುವುದೇ ಇಲ್ಲ. ಅಲ್ಲಿ ಕಣ್ಣಿಗೆ ಕಾಣದ ಗೀರುಗಳಿವೆ. ದವಡೆ ಯಾವ ಕಡೆಗೆಲ್ಲ ಆಡುತ್ತಿತ್ತು ಅಂತ ಇಂಗ್ಲೆಂಡಿನ ಸಂಶೋಧಕರು 2009ರಲ್ಲಿ ತಿಳಿಸಿದ್ದು ಎಡ್ಮಂಟೋಸಾರಸ್ ಹಲ್ಲಿನ ಇಂಥ ಗೀರುಗಳಿಂದಲೇ. ನನ್ನ ಸೂಜಿಯ ಒಂದು ಗೀರು ಅದರ ಜೊತೆ ಸೇರಿದರೆ ಸುಳ್ಳು ಸಾಕ್ಷಿ ಆಗಿಬಿಡುತ್ತದೆ. ಮೆತ್ತನೆ ಬ್ರಷ್, ಒದ್ದೆ ಮಾಡಿದ ಮರದ ಕಡ್ಡಿ, ಅಷ್ಟೇ. ಬರದಿದ್ದರೆ ಕಲ್ಲು ಅಲ್ಲೇ ಇರಲಿ. ಹೊಳೆಯುವ ಹಾಗೆ ಉಜ್ಜಿ ಕೊಡಿ ಅಂತ ಕೆಲವರು ಕೇಳುತ್ತಾರೆ, ನಾನು ಒಪ್ಪುವುದಿಲ್ಲ. ಎಲ್ಲಿ ಯಾವ ಅಂಟು ಹಾಕಿದೆ, ಏನು ಬಿಟ್ಟೆ ಅನ್ನೋದನ್ನು ಅವತ್ತೇ ಬರೆದಿಡುತ್ತೇನೆ.

ಆಲ್ಬರ್ಟಾಗೆ ಬರುವ ನಮ್ಮವರು ಡ್ರಮ್‌ಹೆಲರ್ ಪಟ್ಟಣದ ಕಡೆ ಸುಮ್ನೆ ಸುತ್ತಾಡುವಾಗ ಮೂಳೆ ಕಂಡರೆ ದಯವಿಟ್ಟು ಅಗೆಯಬೇಡಿ. ಅನುಮತಿ ಇಲ್ಲದೆ ಅಗೆಯೋದು ಇಲ್ಲಿ ಕಾನೂನಿಗೆ ವಿರುದ್ಧ. ಅದು ಯಾವ ಪದರದಲ್ಲಿ ಮಲಗಿತ್ತು ಅನ್ನೋದೂ ಹಲ್ಲಿನಷ್ಟೇ ಮುಖ್ಯ. ಫೋಟೋ ತೆಗೆದು, ಫೋನ್‌ನಲ್ಲಿ ಜಾಗದ ಗುರುತು ಹಾಕಿ, ಅಲ್ಲಿನ ರಾಯಲ್ ಟಿರೆಲ್ ಮ್ಯೂಸಿಯಂಗೆ ತಿಳಿಸಿ.