ಹೂವಿನ ಜೊತೆ ಹೋಗುವ ನಾಲ್ಕು ಸಾಲು

ಸಾವಾದ ಮನೆಗೆ ಕಳಿಸುವ ಹೂವು ಆರಿಸುವುದು ಐದು ನಿಮಿಷದ ಕೆಲಸ. ಆಮೇಲೆ ಅಂಗಡಿಯವರು ಒಂದು ಪುಟ್ಟ ಕಾರ್ಡು ಮುಂದಿಟ್ಟು "ಇದರಲ್ಲಿ ಏನು ಬರೀಬೇಕು?" ಎಂದು ಕೇಳುತ್ತಾರೆ. ಅಲ್ಲಿ ಕೈ ನಿಂತುಬಿಡುತ್ತದೆ. ಎದುರಿಗಿದ್ದರೆ ಕೈ ಹಿಡಿದುಕೊಂಡು ಸುಮ್ನೆ ಕೂತರೂ ಆಗುತ್ತಿತ್ತು. ಕಾರ್ಡಿಗೆ ಆ ಅನುಕೂಲ ಇಲ್ಲ. ಕಡೆಗೆ "ಭಾವಪೂರ್ಣ ಶ್ರದ್ಧಾಂಜಲಿ" ಎಂದು ಬರೆಸಿ, ಕೆಳಗೆ ಹೆಸರು ಹಾಕಿ ಹೊರಟುಬಿಡುತ್ತೇವೆ.

ಅದು ತಪ್ಪೇನಲ್ಲ. ಆದರೆ ಕಾರ್ಡನ್ನು ಯಾವಾಗ ಓದುತ್ತಾರೆ ಎಂದು ಒಮ್ಮೆ ಯೋಚಿಸಿ. ಹೂವು ತಲುಪಿದ ದಿನ ಆ ಮನೆಯಲ್ಲಿ ಯಾರಿಗೂ ಓದುವ ವ್ಯವಧಾನ ಇರುವುದಿಲ್ಲ. ವಾರ, ಹತ್ತು ದಿನಕ್ಕೆ ಹೂವು ಬಾಡುತ್ತದೆ. ಅದನ್ನು ಎತ್ತಿ ಹಾಕುವಾಗ ಕಾರ್ಡು ಕೈಗೆ ಸಿಗುತ್ತದೆ. ಅಷ್ಟು ಹೊತ್ತಿಗೆ ಬಂದವರೆಲ್ಲ ಹೊರಟಿರುತ್ತಾರೆ, ಫೋನು ಬರುವುದೂ ಕಡಿಮೆಯಾಗಿರುತ್ತದೆ. ನಮ್ಮ ಅಮ್ಮ ತೀರಿಕೊಂಡಾಗ ನಾನೂ ಹಾಗೇ ಒಂದು ಮಧ್ಯಾಹ್ನ ಕೂತು ಎಲ್ಲ ಕಾರ್ಡು ಓದಿದೆ. ಹೆಚ್ಚಿನವುಗಳಲ್ಲಿ ಒಂದೇ ಮಾತು. ಒಂದರಲ್ಲಿ ಮಾತ್ರ ಹೀಗಿತ್ತು: "ನನಗೆ ಸೈಕಲ್ ಕಲಿಸಿದ್ದು ನಿಮ್ಮ ಅಮ್ಮ. ಸೀಟು ಹಿಡಿದುಕೊಂಡಿದ್ದೀನಿ ಎಂದು ಹೇಳುತ್ತಲೇ ಕೈ ಬಿಟ್ಟಿದ್ದರು." ಅಮ್ಮನಿಗೆ ಸೈಕಲ್ ಬರುತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆ ಕಾರ್ಡು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಹಾಗಾಗಿ ಹತ್ತು ದಿನದ ನಂತರ ಒಬ್ಬರೇ ಕೂತು ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯೋಣ.

ಮೊದಲು: ಯಾರ ಜೊತೆ ಮಾತು?

ಶ್ರದ್ಧಾಂಜಲಿ ತೀರಿಕೊಂಡವರಿಗೆ. ಸಂತಾಪ ಉಳಿದವರಿಗೆ. ಎರಡನ್ನೂ ಒಂದೇ ಸಾಲಿನಲ್ಲಿ ತುರುಕಿದರೆ ಕಾರ್ಡು ಯಾರ ಕಡೆ ನೋಡುತ್ತಿದೆ ಎಂದೇ ತಿಳಿಯುವುದಿಲ್ಲ.

ಅಂತ್ಯಕ್ರಿಯೆಯ ಜಾಗಕ್ಕೆ ಹೋಗುವ ಹೂವಿನ ಲಕೋಟೆಯ ಮೇಲೆ ತೀರಿಕೊಂಡವರ ಹೆಸರಿರಲಿ. ಅಲ್ಲಿ ಬೇರೆಯವರ ಹೂವುಗಳೂ ಇರುತ್ತವೆ, ಅದಲುಬದಲಾಗಬಾರದು. ಒಳಗಿನ ಮಾತು ಶ್ರದ್ಧಾಂಜಲಿಯಾದರೆ ಚೆನ್ನ. ಹೂವು ಮನೆಗೆ ಹೋಗುವುದಾದರೆ ಓದುವವರು ಬದುಕಿರುವವರು. ಅವರ ಹೆಸರು ಹಿಡಿದೇ ಶುರುಮಾಡಿ. ದಿನವೂ "ಅಕ್ಕ" ಎನ್ನುತ್ತಿದ್ದರೆ "ಅಕ್ಕ" ಎಂದೇ ಬರೆಯಿರಿ. "ನೀನು" ಎನ್ನುತ್ತಿದ್ದ ಗೆಳೆಯನಿಗೆ ಸಾವಿನ ನೆಪದಲ್ಲಿ "ತಮಗೆ" ಎಂದು ಬರೆದರೆ ಅವನಿಗೆ ನೀವು ಇನ್ನಷ್ಟು ದೂರ ಹೋದಂತೆ ಕಾಣುತ್ತದೆ.

ಇನ್ನೊಂದು. ಹೂವು ಬೇಡ ಎಂದು ಮನೆಯವರೇ ತಿಳಿಸಿದ್ದಾರಾ ಎಂದು ಮೊದಲೇ ನೋಡಿಕೊಳ್ಳಿ. ಬೇಡ ಎಂದಿದ್ದರೆ ಕಾರ್ಡು ಒಂದೇ ಸಾಕು.

ಜಾಗ ಎಷ್ಟಿದೆ?

ಹೂಗುಚ್ಛದ ನಡುವೆ ಸಿಕ್ಕಿಸುವ ಕಾರ್ಡು ಹೆಚ್ಚುಕಡಿಮೆ ವಿಸಿಟಿಂಗ್ ಕಾರ್ಡಿನಷ್ಟು. ಕೈಯಲ್ಲಿ ಬರೆದರೆ 20ರಿಂದ 25 ಪದ ಆರಾಮಾಗಿ ಕೂರುತ್ತವೆ. ಹೂಚಕ್ರದ ರಿಬ್ಬನ್ನಿಗೆ ನಾಲ್ಕೈದು ಪದವೇ ಜಾಸ್ತಿ. ಜಾಸ್ತಿ ಹೇಳುವುದಿದ್ದರೆ ಬೇರೆ ಕಾಗದ ಬರೆದು ಅಂಚೆಯಲ್ಲಿ ಕಳಿಸಿ. ಕಾರ್ಡಿನ ಅಂಚಿನಲ್ಲಿ ಇರುವೆ ಸಾಲಿನಂತೆ ಅಕ್ಷರ ತುಂಬಬೇಡಿ.

ಆನ್‌ಲೈನಿನಲ್ಲಿ ಆರ್ಡರ್ ಮಾಡುವವರಿಗೆ ಒಂದು ಕಿವಿಮಾತು. ಅಲ್ಲಿ ಅಕ್ಷರಗಳಿಗೆ ಮಿತಿ ಇರುತ್ತದೆ, ಮತ್ತೆ ಕಂಪ್ಯೂಟರ್ ಕನ್ನಡವನ್ನು ಎಣಿಸುವ ರೀತಿ ನಮ್ಮದಲ್ಲ. "ಶ್ರದ್ಧಾಂಜಲಿ" ಎಂದರೆ ನಮ್ಮ ಕಣ್ಣಿಗೆ 4 ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಎಂಬ ಪದ್ಧತಿಯ ಲೆಕ್ಕದಲ್ಲಿ ಅದು 11. ಒತ್ತು, ದೀರ್ಘ, ಅನುಸ್ವಾರ ಎಲ್ಲ ಬೇರೆ ಬೇರೆ. 200 ಅಕ್ಷರ ಬರೆಯಬಹುದು ಎಂದಿದ್ದರೆ ನಮಗೆ ಸಿಗುವುದು ಅದರ ಅರ್ಧದ ಆಸುಪಾಸು. ಮೊಬೈಲ್ ಎಸ್‌ಎಂಎಸ್‌ನಲ್ಲೂ ಇದೇ ಕಥೆ: ಇಂಗ್ಲಿಷಿಗೆ 160, ಕನ್ನಡಕ್ಕೆ 70. ಮಿತಿ ದಾಟಿದರೆ ಕೆಲವು ಕಡೆ ಕೊನೆಯ ಸಾಲು ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ಕೊನೆಯ ಸಾಲಿನಲ್ಲೇ ಅಲ್ವಾ ನಿಮ್ಮ ಹೆಸರಿರುವುದು!

ಬರೆಯುವುದು ಹೇಗೆ?

ಒಂದು ಹಾಳೆಯಲ್ಲಿ ಮೊದಲು ಕರಡು ಬರೆಯಿರಿ. ಕಾರ್ಡಿನ ಮೇಲೆ ನೇರವಾಗಿ ಬರೆಯಲು ಹೋಗಿ ಎರಡು ಕಾರ್ಡು ಹಾಳುಮಾಡಿದ ಅನುಭವ ನನ್ನದು.

ಮೊದಲ ಸಾಲಿನಲ್ಲಿ ಸುದ್ದಿಯನ್ನು ಒಪ್ಪಿಕೊಳ್ಳಿ. "ಅಪ್ಪ ತೀರಿಕೊಂಡ ಸುದ್ದಿ ಕೇಳಿ ತುಂಬಾ ಬೇಜಾರಾಯಿತು." ಇಷ್ಟು ಸರಳವಾಗಿದ್ದರೆ ಸಾಕು. "ಅಕಾಲಿಕ ನಿಧನದ ವಾರ್ತೆಯು ತೀವ್ರ ಆಘಾತವನ್ನುಂಟುಮಾಡಿದೆ" ಎನ್ನುವುದು ಪತ್ರಿಕಾ ಹೇಳಿಕೆಗೆ ಸರಿ. ನೀವು ಬಾಯಲ್ಲಿ ಆಡದ ಮಾತನ್ನು ಕಾರ್ಡಿನಲ್ಲೂ ಬರೆಯಬೇಡಿ. ತೀರಿಕೊಂಡವರ ಹೆಸರನ್ನೋ ಸಂಬಂಧವನ್ನೋ ತಪ್ಪದೆ ಹೇಳಿ. "ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ" ಎಂದರೆ ವ್ಯಾಪಾರದಲ್ಲಿ ಕೈಸುಟ್ಟುಕೊಂಡವರಿಗೆ ಹೇಳಿದಂತಿದೆ.

ಎರಡನೇ ಸಾಲು ಜೀವಾಳ. ಇಲ್ಲಿ ಒಂದೇ ಒಂದು ನೆನಪು ಬರಲಿ. "ಒಳ್ಳೆಯ ಮನುಷ್ಯ", "ಸ್ನೇಹಜೀವಿ", "ಸರಳ ವ್ಯಕ್ತಿ" ಎಲ್ಲ ಯಾರಿಗೆ ಬೇಕಾದರೂ ಹೊಂದುತ್ತವೆ. ಅವರಿಗೆ ಮಾತ್ರ ಹೊಂದುವುದನ್ನು ಹುಡುಕಿ. ಅವರು ನಗುತ್ತಿದ್ದ ರೀತಿ, ಯಾವಾಗಲೂ ಕೇಳುತ್ತಿದ್ದ ಒಂದು ಪ್ರಶ್ನೆ, ಬೈದ ಒಂದು ಬೈಗುಳ. ಹೌದು, ಬೈಗುಳವೂ ನಡೆಯುತ್ತದೆ. "ಮೇಷ್ಟ್ರು ನನ್ನ ಅಕ್ಷರ ನೋಡಿ ಕೋಳಿ ಕೆದಕಿದ ಹಾಗಿದೆ ಎನ್ನುತ್ತಿದ್ದರು. ಇದನ್ನು ಬರೆಯುವಾಗಲೂ ಅದೇ ನೆನಪಾಗುತ್ತಿದೆ." ಇದನ್ನು ಓದಿದ ಮೇಷ್ಟ್ರ ಮಗಳು ಅಳುತ್ತಲೇ ಒಂದು ಸಲ ನಗುತ್ತಾಳೆ.

ತೀರಿಕೊಂಡವರ ಪರಿಚಯವೇ ಇಲ್ಲದಿದ್ದರೆ? ಸಹೋದ್ಯೋಗಿಯ ತಾಯಿ ಎಂದಿಟ್ಟುಕೊಳ್ಳಿ. ಇಲ್ಲದ ನೆನಪು ಕಟ್ಟಬೇಡಿ. ಸಹೋದ್ಯೋಗಿಯ ಬಾಯಲ್ಲಿ ಕೇಳಿದ್ದನ್ನು ಬರೆಯಿರಿ: "ನಾನು ಅಮ್ಮನನ್ನು ನೋಡಿರಲಿಲ್ಲ. ಆದರೆ ಅವರ ಫೋನು ಬಂದಾಗಲೆಲ್ಲ ನಿಮ್ಮ ಮುಖ ಅರಳುತ್ತಿದ್ದದ್ದು ನೋಡಿದ್ದೇನೆ." ಅದೂ ಗೊತ್ತಿಲ್ಲ ಎಂದರೆ "ಈ ದಿನಗಳಲ್ಲಿ ನಿಮ್ಮನ್ನು ನೆನೆಯುತ್ತಿದ್ದೇವೆ" ಎಂಬ ಒಂದು ಸಾಲು ಸಾಕು. ಅದರಲ್ಲಿ ಸುಳ್ಳಿಲ್ಲ.

ಮೂರನೇ ಸಾಲು ಸಹಾಯದ್ದು. ಇದು ಇಲ್ಲದಿದ್ದರೂ ನಡೆಯುತ್ತದೆ. "ಏನಾದರೂ ಬೇಕಿದ್ದರೆ ಹೇಳಿ" ಎಂದು ನಾವು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತೇವೆ. ಆದರೆ ಏನು ಬೇಕು ಎಂದು ಯೋಚಿಸುವ, ಆಮೇಲೆ ಕೇಳುವ ಕೆಲಸ ಎರಡೂ ಅವರ ತಲೆಗೇ ಬೀಳುತ್ತದೆ. ಅದರ ಬದಲು "ಭಾನುವಾರ ಫೋನು ಮಾಡುತ್ತೇನೆ. ಎತ್ತಬೇಕು ಅನಿಸಿದರೆ ಮಾತ್ರ ಎತ್ತಿ" ಎನ್ನಬಹುದು. ಬರೆದ ಮೇಲೆ ಭಾನುವಾರ ಫೋನು ಮಾಡಲೇಬೇಕು, ಅಷ್ಟೇ.

ಬೇಡದ ಮಾತುಗಳು

"ಧೈರ್ಯ ತಂದುಕೊಳ್ಳಿ." ಎಲ್ಲಿಂದ ತರುವುದು?

"ವಯಸ್ಸಾಗಿತ್ತಲ್ಲ", "ಸದ್ಯ, ನರಳಲಿಲ್ಲ". ಮನೆಯವರು ತಾವಾಗಿ ಹೀಗೆ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಬಹುದು. ಹೊರಗಿನವರು ಹೇಳಿದರೆ ಚುಚ್ಚುತ್ತದೆ. "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎನ್ನುವುದನ್ನೂ ಬಿಡಿ. "ಏನು ಹೇಳಬೇಕೋ ತಿಳಿಯುತ್ತಿಲ್ಲ" ಎಂದರೆ ಹೆಚ್ಚು ನಿಜ, ಅದನ್ನು ಬರೆಯಲು ನಾಚಿಕೆ ಬೇಡ. ದೇವರು, ಆತ್ಮ, ವಿಧಿಯ ಮಾತು ಓದುವವರ ನಂಬಿಕೆ ಗೊತ್ತಿದ್ದರೆ ಮಾತ್ರ. ಸಾವಿನ ಕಾರಣವನ್ನಂತೂ ಕಾರ್ಡಿನಲ್ಲಿ ಎತ್ತಲೇಬೇಡಿ.

ಕೆಲವು ಸಾವುಗಳ ಮುಂದೆ ಪೆನ್ನು ಇನ್ನಷ್ಟು ತಡವರಿಸುತ್ತದೆ. ಮಗು ಹೋದ ಮನೆಗೆ "ಇನ್ನೊಂದು ಆಗುತ್ತದೆ" ಎಂದು ಬರೆಯುವವರೂ ಇದ್ದಾರೆ. ಆ ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರನ್ನು ಬರೆಯಿರಿ. ಬೇರೆಯವರು ಆ ಹೆಸರನ್ನು ಹೇಳಲು ಹೆದರುತ್ತಿರುತ್ತಾರೆ. ಅಪ್ಪ ಅಮ್ಮನಿಗೆ ಅದನ್ನು ಒಮ್ಮೆ ಬರಹದಲ್ಲಿ ನೋಡುವ ಆಸೆ ಇರುತ್ತದೆ. ಆತ್ಮಹತ್ಯೆಯಾದ ಮನೆಗೂ ಬೇರೆ ಮಾತು ಬೇಡ. ಎಲ್ಲರಿಗೂ ಬರೆಯುವಂತೆ ಹೋದವರ ಬದುಕಿನ ಒಂದು ಚಂದದ ನೆನಪು ಬರೆಯಿರಿ. ಅಪ್ಪ ಮಗನಿಗೆ ಮಾತಿರಲಿಲ್ಲ ಎಂದು ನಿಮಗೆ ಗೊತ್ತಿದ್ದರೆ "ಎಂಥಾ ಪ್ರೀತಿಯ ಅಪ್ಪ" ಎಂದು ಹೊಗಳಬೇಡಿ. "ಈ ಹೊತ್ತಿನಲ್ಲಿ ನಿನ್ನ ಜೊತೆಗಿದ್ದೇನೆ" ಎಂದರೆ ಅವನಿಗೆ ಬೇಕಾದದ್ದೆಲ್ಲ ಅದರಲ್ಲಿದೆ.

ಹೆಸರು ಪೂರ್ತಿ ಹಾಕಿ

ನಮಗೆ ಬಂದ ಒಂದು ಕಾರ್ಡಿನಲ್ಲಿ ಬರೀ ಮೊದಲ ಹೆಸರಿತ್ತು. ಆ ಹೆಸರಿನವರು ನಮ್ಮ ಬಳಗದಲ್ಲೇ ಮೂವರು. ಯಾರಿಗೆ ಥ್ಯಾಂಕ್ಸ್ ಹೇಳುವುದು? ಮೂವರಿಗೂ ಹೇಳಿದೆ. ಅದರಲ್ಲಿ ಇಬ್ಬರಿಗೆ ಮುಜುಗರವಾಯಿತು. ಹಾಗಾಗಿ ಹೆಸರು ಪೂರ್ತಿ ಬರೆದು, ಜೊತೆಗೆ ನೀವು ಯಾರೆಂದು ಎರಡು ಪದದಲ್ಲಿ ತಿಳಿಸಿ: "ಅಪ್ಪನ ಹಳೇ ಆಫೀಸಿನವರು", "ಪಕ್ಕದ ಮನೆಯವರು". ಗುಂಪಿನಿಂದ ಕಳಿಸುವಾಗ "ಸಿಬ್ಬಂದಿ ವರ್ಗ" ಎಂದು ಬಿಡಬೇಡಿ. ನಾಲ್ಕೈದು ಜನರಾದರೆ ಎಲ್ಲರ ಹೆಸರೂ ಹಿಡಿಯುತ್ತದೆ. ಆನ್‌ಲೈನ್ ಆರ್ಡರಿನಲ್ಲಿ ಕಳಿಸುವವರ ಹೆಸರು ತುಂಬಿದರೂ ಅದು ಬಿಲ್ಲಿಗಷ್ಟೇ ಹೋಗಬಹುದು. ಸಂದೇಶದ ಒಳಗೇ ಮತ್ತೊಮ್ಮೆ ಹಾಕಿ.

ಅಂಗಡಿಯಿಂದ ಹೊರಡುವ ಮುನ್ನ

ಬಾಲ್ ಪೆನ್ನಲ್ಲಿ ಬರೆಯಿರಿ. ಎಲೆಯ ಮೇಲಿನ ನೀರು ತಾಗಿದರೆ ಜೆಲ್ ಪೆನ್ನಿನ, ಇಂಕ್ ಪೆನ್ನಿನ ಶಾಯಿ ಹರಡಿಕೊಳ್ಳುತ್ತದೆ. ಲಿಲ್ಲಿ ಹೂವಾದರೆ ಅದರ ಪರಾಗ ಕೇಸರಿ ಬಣ್ಣದ ಕಲೆ ಮಾಡುತ್ತದೆ. ಕಾರ್ಡನ್ನು ಲಕೋಟೆಯಲ್ಲಿಟ್ಟರೆ ಒಳ್ಳೆಯದು. (ಆ ಮನೆಯಲ್ಲಿ ಬೆಕ್ಕಿದ್ದರೆ ಲಿಲ್ಲಿಯೇ ಬೇಡ. ಅದು ಬೆಕ್ಕಿಗೆ ವಿಷ, ಕಿಡ್ನಿಯೇ ಹೋಗುತ್ತದೆ.)

ಅಂಗಡಿಯವರು ಪ್ರಿಂಟ್ ಮಾಡಿ ಕೊಡುವುದಾದರೆ ಪ್ರಿಂಟ್ ಆದ ಕಾರ್ಡನ್ನು ಕಣ್ಣಾರೆ ನೋಡಿ, ಇಲ್ಲವೇ ಫೋಟೋ ತರಿಸಿಕೊಳ್ಳಿ. ಸರಿಯಾದ ಫಾಂಟ್ ಇಲ್ಲದ ಕಡೆ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಕೆಲವೊಮ್ಮೆ ಬರೀ ಚೌಕಗಳು ಬರುತ್ತವೆ. ಸಂದೇಶವನ್ನು ಚಿತ್ರವಾಗಿ ಕಳಿಸಿದರೆ ಈ ತಾಪತ್ರಯ ಇಲ್ಲ. ಫೋನಿನಲ್ಲಿ ಹೇಳಿ ಬರೆಸುವಾಗ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ವಾಪಸ್ ಓದಿಸಿ. ತೀರಿಕೊಂಡವರ ಹೆಸರು ತಪ್ಪಾದರೆ ಉಳಿದದ್ದೆಲ್ಲ ವ್ಯರ್ಥ. ಹೂವಿನ ಜೊತೆ ಬಿಲ್ಲು, ಆಫರ್ ಚೀಟಿ ಹೋಗದ ಹಾಗೆಯೂ ಹೇಳಿ.

ತಡವಾಯಿತಾ?

ಸುದ್ದಿ ಗೊತ್ತಾಗುವಷ್ಟರಲ್ಲಿ ತಿಂಗಳು ಕಳೆದಿರಬಹುದು. ಗೊತ್ತಿದ್ದೂ ಏನು ಬರೆಯುವುದೆಂದು ತೋಚದೆ ಸುಮ್ಮನಿದ್ದಿರಬಹುದು. ನೆಪ ಹುಡುಕುವುದು ಬೇಡ. "ಆಗಲೇ ಬರೆಯಬೇಕಿತ್ತು, ಆಗಲಿಲ್ಲ" ಎಂದು ಅರ್ಧ ಸಾಲು ಹಾಕಿ ಮುಂದುವರಿಯಿರಿ. ನಾನು ಹೇಳಿದ ಆ ಸೈಕಲ್ಲಿನ ಕಾರ್ಡು ಬಂದದ್ದೂ ಎಲ್ಲರ ಹೂವು ಒಣಗಿದ ಮೇಲೆಯೇ, ನಾಲ್ಕು ಬಿಳಿ ಸೇವಂತಿಗೆಯ ಜೊತೆ.